ರಿಪೇರಿಗೆ ಕೊಡುವಾಗ ಮೊಬೈಲಿನ ಲಾಕ್ ಸಂಖ್ಯೆ ಹೇಳಬಹುದೇ? ಅನುಭವವಿರುವವರು ತಿಳಿಸಿ

ಕುವೆಂಪುನಗರದ ಗೃಹಿಣಿ:
ಕಳೆದ ವಾರ ನನ್ನ ಮೊಬೈಲು ಮಹಡಿ ಮೆಟ್ಟಿಲಿನಿಂದ ಬಿದ್ದು, ಪರದೆಯ ಕೆಳಗಿನ ಅರ್ಧಭಾಗದಲ್ಲಿ ಬೆರಳು ಕೆಲಸ ಮಾಡುತ್ತಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಡಿಸ್‌ಪ್ಲೇ ಬದಲಿಸಲು 3,200 ರೂಪಾಯಿ ಹೇಳಿ, ಚೀಟಿಯಲ್ಲಿ ಲಾಕ್ ಸಂಖ್ಯೆಯನ್ನೂ ಬರೆದುಕೊಡಿ ಎಂದರು. ತಂದೆಯವರ ಪಿಂಚಣಿ ಕಾಗದಗಳು, ಮನೆಯವರೆಲ್ಲರ ಆಧಾರ್ ಫೋಟೋಗಳು ಅದರಲ್ಲೇ ಇವೆ. ಕೊಡಬಹುದೇ?

ಮಂಡ್ಯದ ನಿವೃತ್ತ ಉಪಾಧ್ಯಾಯ:
ಖಂಡಿತ ಕೊಡಬೇಡಿ. ನಾನು ಕೊಡಲಿಲ್ಲ, ಅದರ ಬಗ್ಗೆ ನನಗೆ ಪಶ್ಚಾತ್ತಾಪವೂ ಇಲ್ಲ. ಮಂಡ್ಯದ ಅಂಗಡಿಯವನು ಸಂಖ್ಯೆ ಕೇಳಿದ್ದಕ್ಕೆ ಎದ್ದು ಬಂದು, ಮೈಸೂರಿನಲ್ಲಿರುವ ಕಂಪನಿಯ ಸರ್ವಿಸ್ ಸೆಂಟರಿಗೇ ಹೋದೆ. ಪರೀಕ್ಷಾ ಶುಲ್ಕವೆಂದು 590, ಡಿಸ್‌ಪ್ಲೇಗೆ 7,450, ಮೂರು ಸಲ ಬಸ್ಸಿನಲ್ಲಿ ಓಡಾಡಿದ್ದಕ್ಕೆ 420, ಒಟ್ಟು 8,460 ರೂಪಾಯಿ ಖರ್ಚಾಯಿತು. ಆ ಮೊಬೈಲನ್ನು ನಾನು ಕೊಂಡದ್ದೇ 13,000ಕ್ಕೆ. ಎರಡನೆಯ ಭೇಟಿಯಲ್ಲಿ ಒಳಗಿನ ಸರ್ಕ್ಯೂಟ್ ಬೋರ್ಡಿಗೂ ಪೆಟ್ಟಾಗಿದೆ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಹೇಳಿ ಒಂದು ಅರ್ಜಿಗೆ ಸಹಿ ಹಾಕಿಸಿಕೊಂಡರು. ಮೊಮ್ಮಗನ ನಾಮಕರಣದ ಫೋಟೋಗಳೂ ಹಳೆಯ ವಿದ್ಯಾರ್ಥಿಗಳ ನಂಬರುಗಳೂ ಹೋದವು. ಹೋದರೆ ಹೋಗಲಿ, ಕಂಡವರ ಕೈಗೆ ಸಿಗಲಿಲ್ಲವಲ್ಲ.

ರಿಪೇರಿ ಅಂಗಡಿಯವನು, ಮೈಸೂರು:
ಮೇಷ್ಟ್ರೇ, ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು ನಿಮ್ಮ ಲೆಕ್ಕದಲ್ಲಿ ಕಂಡವನು ಎಂದಾಯಿತು. ಸಂಖ್ಯೆ ಏಕೆ ಕೇಳುತ್ತೇವೆ ಎಂದು ನೀವು ಒಮ್ಮೆಯಾದರೂ ವಿಚಾರಿಸಿದ್ದೀರಾ? ಹೊಸ ಕಾಂಬೊ, ಅಂದರೆ ಡಿಸ್‌ಪ್ಲೇ ಮತ್ತು ಟಚ್ ಗಾಜು ಸೇರಿದ ಬಿಡಿಭಾಗ, ಕೂರಿಸಿದ ಮೇಲೆ ಮೂಲೆಮೂಲೆಗೂ ಬೆರಳೆಳೆದು ನೋಡಬೇಕು, ಮೈಕು ಪರೀಕ್ಷಿಸಬೇಕು, ಕರೆ ಬಂದಾಗ ಕಿವಿಗೆ ಹಿಡಿದರೆ ಪರದೆ ಆರುತ್ತದೆಯೇ ಎಂದು ನೋಡಬೇಕು. ಹೋದ ವರ್ಷ ಒಬ್ಬರು ಸಂಖ್ಯೆ ಹೇಳದೆ ಮೊಬೈಲು ಕೊಟ್ಟುಹೋದರು. ಸೆನ್ಸರಿನ ಮೇಲಿನ ರಬ್ಬರು ಕೂದಲೆಳೆಯಷ್ಟು ಸರಿದಿದ್ದದ್ದು ನನಗೆ ಗೊತ್ತಾಗಲಿಲ್ಲ. ಮರುದಿನ ಬಂದು ಅಂಗಡಿಯ ಮುಂದೆ ಜನ ಸೇರಿಸಿದರು, 1,900 ರೂಪಾಯಿಯ ಕಾಂಬೊವನ್ನು ಬಿಟ್ಟಿಯಾಗಿ ಹಾಕಿಕೊಟ್ಟೆ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಎಂಬ ಸೌಲಭ್ಯವಿರುವ ಮಾಡೆಲುಗಳಿವೆ. ಅದನ್ನು ಹಾಕಿ ಕೊಟ್ಟರೆ ನಿಮ್ಮ ಫೋಟೋ, ಮೆಸೇಜು ಏನೂ ನಮಗೆ ಕಾಣುವುದಿಲ್ಲ, ನಮ್ಮ ಕೆಲಸವೂ ಆಗುತ್ತದೆ. ಹಾಕಿ ಕೊಡುವವರು ನೂರಕ್ಕೆ ಒಬ್ಬರೂ ಇಲ್ಲ.

ವಿದ್ಯಾರಣ್ಯಪುರಂನ ಸೊಸೆ:
ನೀವಿಬ್ಬರೂ ಲಾಕ್ ಸಂಖ್ಯೆಗಾಗಿ ಜಗಳವಾಡುತ್ತಿದ್ದೀರಿ. ಮದ್ದೂರಿನಲ್ಲಿರುವ ನಮ್ಮ ಅತ್ತೆಯವರ ದುಡ್ಡು ಹೋದದ್ದು ಮೊಬೈಲಿನಿಂದ ಅಲ್ಲವೇ ಅಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಓಟಿಪಿಯೇ ಇಲ್ಲದೆ ಖಾತೆಯಿಂದ ಹಣ ತೆಗೆಯಬಹುದಲ್ಲ, ಆ ದಾರಿಯಲ್ಲಿ ಎರಡು ದಿನ 9,900ರಂತೆ 19,800 ರೂಪಾಯಿ ಹೋಯಿತು. ಬ್ಯಾಂಕಿನ ಮೆಸೇಜು ಬರುತ್ತಿದ್ದದ್ದು ಬೀರುವಿನಲ್ಲಿ ಚಾರ್ಜಿಲ್ಲದೆ ಬಿದ್ದಿದ್ದ ಮಾವನವರ ಕೀಪ್ಯಾಡ್ ಸೆಟ್ಟಿಗೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ, ಅಂದರೆ ಇಪ್ಪತ್ತೆರಡನೆಯ ದಿನ, ವಿಷಯ ಗೊತ್ತಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ಸೂಚನೆಯನ್ನು ಓದಿ ಹೇಳಿ ಮ್ಯಾನೇಜರರು ನಮ್ಮನ್ನು ಕಳುಹಿಸಿಕೊಟ್ಟರು.

ಆ ಸಿಟ್ಟಿಗೆ ಮನೆಯವರೆಲ್ಲರ ಬೆರಳಚ್ಚನ್ನೂ ಎಂ-ಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿದೆ. ಮುಂದಿನ ತಿಂಗಳು ಅತ್ತೆಯವರು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲೇ ಇಲ್ಲ. ನಾನು ಇಲ್ಲಿಂದ ಲಾಕ್ ತೆಗೆದರೆ ಅದು ತೆರೆದಿರುವುದು ಹತ್ತೇ ನಿಮಿಷ; ಅಷ್ಟರಲ್ಲಿ ಸರ್ವರ್ ಹೋಗಿ, ಮರಳಿ ಬರುವ ವೇಳೆಗೆ ಮತ್ತೆ ಲಾಕಾಗಿತ್ತು. ಮೂರನೆಯ ಸಲಕ್ಕೆ ಅಕ್ಕಿ ಸಿಕ್ಕಿತು. ಅತ್ತೆ ಈಗಲೂ, ಕಳ್ಳ ಹತ್ತೊಂಬತ್ತು ಸಾವಿರ ಒಯ್ದ, ಸೊಸೆ ಅಕ್ಕಿ ತಪ್ಪಿಸಿದಳು ಎನ್ನುತ್ತಾರೆ.

ಮಂಡ್ಯದ ನಿವೃತ್ತ ಉಪಾಧ್ಯಾಯ:
ತಾಯಿ, ನಿಮ್ಮ ಕಥೆ ಬೇರೆ. ಅಂಗಡಿಯವರಿಗೆ ಒಂದು ಮಾತು: ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ನಮ್ಮ ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. ಚೀಟಿಯಲ್ಲಿ ಸಂಖ್ಯೆ ಬರೆಸಿಕೊಂಡು ಮೊಳೆಗೆ ಚುಚ್ಚಿಡುವ ನಿಮಗೆ ಅದು ತಿಳಿದಿರಲಿ.

ರಿಪೇರಿ ಅಂಗಡಿಯವನು, ಮೈಸೂರು:
ತೀರ್ಪನ್ನು ತಂದು ಕೌಂಟರಿನ ಮೇಲಿಟ್ಟರೆ ಡಿಸ್‌ಪ್ಲೇ ತಾನಾಗಿ ಹತ್ತುವುದಿಲ್ಲ ಸಾರ್. ಜೆರಾಕ್ಸ್ ಅಂಗಡಿಗೆ ಆಧಾರನ್ನು ವಾಟ್ಸ್‌ಆ್ಯಪ್ ಮಾಡಿ ಪ್ರಿಂಟು ತೆಗೆಸುವಾಗ ಈ ಹಕ್ಕು ನಿಮಗೆ ನೆನಪಾಗುತ್ತದೆಯೇ?

ಮಂಡ್ಯದ ನಿವೃತ್ತ ಉಪಾಧ್ಯಾಯ:
ನಾನು ಕಳುಹಿಸುವುದು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್.

ವಿದ್ಯಾರಣ್ಯಪುರಂನ ಸೊಸೆ:
ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಹೇಳಿ? ನಮ್ಮ ಬಾಡಿಗೆ ಕರಾರಿಗೆ ಕೊಟ್ಟರೆ ಪೂರ್ತಿ ಸಂಖ್ಯೆ ಬೇಕೆಂದು ಎರಡು ಸಲ ವಾಪಸು ಕಳುಹಿಸಿದರು. ಕೊನೆಗೆ ಪೂರ್ತಿಯದನ್ನೇ ಕೊಟ್ಟೆ.

ಮಂಡ್ಯದ ನಿವೃತ್ತ ಉಪಾಧ್ಯಾಯ:
ನೀವು ಕೊಟ್ಟಿರಿ ಎಂದೇ ಅವರು ಕೇಳುತ್ತಾರೆ.

ವಿದ್ಯಾರಣ್ಯಪುರಂನ ಸೊಸೆ:
ನಿಮಗೆ ಸ್ವಂತ ಮನೆಯಿದೆ ಮೇಷ್ಟ್ರೇ, ಅದಕ್ಕೇ ಈ ಮಾತು.

ಶ್ರೀರಂಗಪಟ್ಟಣದ ವಿದ್ಯಾರ್ಥಿ:
ಪ್ರಶ್ನೆ ಕೇಳಿದವರಿಗೆ: ಪರದೆಯಲ್ಲಿ ಚಿತ್ರ ಕಾಣುತ್ತಿದ್ದರೆ ಓಟಿಜಿ ಅಡಾಪ್ಟರಿಗೆ (ಮೊಬೈಲಿಗೆ ಯುಎಸ್‌ಬಿ ಸಾಧನ ಜೋಡಿಸುವ ಪುಟ್ಟ ಕನೆಕ್ಟರು) ಕಂಪ್ಯೂಟರಿನ ಮೌಸನ್ನು ಸಿಕ್ಕಿಸಿ ಮೊಬೈಲಿಗೆ ಹಾಕಿ, ಬಾಣದ ಗುರುತು ಬರುತ್ತದೆ. ನಾನು ಹಾಗೆಯೇ ಎಲ್ಲವನ್ನೂ ನಕಲು ಮಾಡಿಕೊಂಡು, ಸಿಮ್ ತೆಗೆದು, ಒಳಗಿರುವುದೆಲ್ಲ ಅಳಿಸುವಂತೆ ಪೂರ್ತಿ ರೀಸೆಟ್ ಮಾಡಿ ರಿಪೇರಿಗೆ ಕೊಟ್ಟೆ. ಅಡಾಪ್ಟರಿಗೆ 150 ರೂಪಾಯಿ ಆಯಿತು. ರೀಸೆಟ್‌ಗೆ ಮೊದಲು ಗೂಗಲ್ ಖಾತೆ ತೆಗೆಯಲು ಮರೆತಿದ್ದೆ; ಆಮೇಲೆ ಮೊಬೈಲು ಅದರ ಪಾಸ್‌ವರ್ಡ್ ಕೇಳಿತು, ಅದನ್ನು ಹುಡುಕುವುದರಲ್ಲಿ ಎರಡು ದಿನ ಹೋಯಿತು.

ಕುವೆಂಪುನಗರದ ಗೃಹಿಣಿ:
ಮಗನ ಮೌಸ್ ಹಾಕಿ ನೋಡಿದೆ, ಬಾಣ ಬಂತು. ಪಿಂಚಣಿ ಕಾಗದಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ರೀಸೆಟ್ ಮಾಡಲು ಧೈರ್ಯ ಬಾರದೆ, ನಾಲ್ಕು ದಿನದಿಂದ ಮೌಸ್ ಹಿಡಿದುಕೊಂಡೇ ಮೊಬೈಲು ಬಳಸುತ್ತಿದ್ದೇನೆ.

ರಿಪೇರಿ ಅಂಗಡಿಯವನು, ಮೈಸೂರು:
ಅಮ್ಮ, 3,200 ಎಂದಿದ್ದಾರಲ್ಲ, ಅದು ಒರಿಜಿನಲ್ ಡಿಸ್‌ಪ್ಲೇಯೋ ಕಾಪಿಯೋ ಎಂದು ಕೇಳಿದಿರಾ?