ಬಯಾಪ್ಸಿ ರಿಪೋರ್ಟ್ ಬರುವವರೆಗೆ ಭಯ ತಡೆದುಕೊಳ್ಳುವುದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್ ಆಯ್ತು. ಈಗ ಸೂಜಿ ಹಾಕಿ ಚೂರು ತೆಗೆದಿದ್ದಾರೆ. ರಿಪೋರ್ಟ್ ಮುಂದಿನ ವಾರವಂತೆ.

ಸ್ಕ್ಯಾನ್‌ನಲ್ಲಿ ಬೈರಾಡ್ಸ್ 4ಎ ಎಂದು ಬರೆದಿದ್ದಾರೆ. ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇಕಡಾ 2ರಿಂದ 10ರೊಳಗೆ, ಫೈಬ್ರೊಅಡಿನೋಮಾದಂಥ ಅಪಾಯವಿಲ್ಲದ ಗಂಟೂ ಇರಬಹುದು ಎಂದು ಡಾಕ್ಟರ್ ಸಮಾಧಾನವಾಗಿಯೇ ಹೇಳಿದರು. ಲೆಕ್ಕ ಅರ್ಥವಾಗುತ್ತದೆ, ಆದರೂ ಹೆದರಿಕೆ ಹೋಗುತ್ತಿಲ್ಲ. ಹಗಲು ಕೆಲಸದಲ್ಲಿ ಹೇಗೋ ಕಳೆಯುತ್ತದೆ. ರಾತ್ರಿ ದೀಪ ಆರಿಸಿದ ಕೂಡಲೇ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ದೊಡ್ಡದಾಯ್ತಾ ಅಂತ ಒತ್ತಿ ನೋಡುತ್ತೇನೆ. ಸೂಜಿ ಹಾಕಿದ ಜಾಗ ಊದಿಕೊಂಡು ನೀಲಿಗಟ್ಟಿದೆ, ಒತ್ತಿದರೆ ಏನು ತಿಳಿಯುತ್ತೆ ಹೇಳಿ! ಫೋನ್ ರಿಂಗಾದರೆ ಹೊಟ್ಟೆಯಲ್ಲಿ ಸಂಕಟ.

ಒಂದು ವೇಳೆ ಕ್ಯಾನ್ಸರ್ ಅಂತಲೇ ಬಂದರೂ ಹಾರ್ಮೋನ್ ರಿಸೆಪ್ಟರ್, ಹರ್‌2 ಎಂಬ, ಕ್ಯಾನ್ಸರ್ ಯಾವ ಬಗೆಯದು ಎಂದು ತಿಳಿಸುವ ಪರೀಕ್ಷೆಗಳನ್ನೂ ನೋಡಿಯೇ ಚಿಕಿತ್ಸೆ ನಿರ್ಧರಿಸುತ್ತಾರಂತೆ. ಅಂದರೆ ಕಾಯುವುದು ಇನ್ನೊಂದು ಸುತ್ತು. ಇದೇ ನನಗೆ ಜಾಸ್ತಿ ಕಷ್ಟ.

ಈ ಹಂತ ದಾಟಿದವರು ದಯವಿಟ್ಟು ಹೇಳಿ. ರಾತ್ರಿ ನಿದ್ದೆಗೆ ಏನು ಮಾಡಿದಿರಿ? ನಿದ್ದೆ ಮಾತ್ರೆ ಬೇಕು ಅಂತ ಡಾಕ್ಟರ್ ಹತ್ತಿರ ಕೇಳಿದವರು ಇದ್ದೀರಾ? ಮಕ್ಕಳಿಗೆ ಈಗಲೇ ಹೇಳಿದಿರಾ, ರಿಪೋರ್ಟ್ ಬಂದ ಮೇಲೆ ಹೇಳಿದಿರಾ? ದೊಡ್ಡವಳು ಆಗಲೇ "ಯಾಕಮ್ಮ ಒಂಥರಾ ಇದೀಯ" ಅಂತ ಕೇಳುತ್ತಿದ್ದಾಳೆ, ಸುಮ್ನೆ ತಲೆನೋವು ಅಂದಿದ್ದೇನೆ. ರಿಪೋರ್ಟ್ ದಿನ ಜೊತೆಗೆ ಯಾರನ್ನು ಕರೆದುಕೊಂಡು ಹೋದಿರಿ? ಅಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿದ್ದರೆ ಅವನ್ನೂ ಬರೆಯಿರಿ, ನನ್ನ ತಲೆ ಆ ಹೊತ್ತಿಗೆ ಓಡಲ್ಲ.

ಮನೆಮದ್ದು, ಯಾರದೋ ಸಾವಿನ ಕಥೆ ಮಾತ್ರ ಬೇಡ ಪ್ಲೀಸ್.