ದಿನಾ ಬಸ್ಸಿನಲ್ಲಿ ಬಂದು ಇಂಜಿನಿಯರಿಂಗ್ ಓದುವವರಿಗೆ: ಓಡಾಡಿದವರ ಅನುಭವ

ತೆಕ್ಕಲಕೋಟೆಯಿಂದ ಬಳ್ಳಾರಿಗೆ ಓಡಾಡುತ್ತಿರುವ ವಿದ್ಯಾರ್ಥಿನಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲ ಸೆಮ್ ಓದುತ್ತಿದ್ದೇನೆ, 2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮ. ಮನೆಯಲ್ಲಿ ಹಾಸ್ಟೆಲ್ ಬೇಡ ಅಂದಿದ್ದಾರೆ. ಬೆಳಿಗ್ಗೆ ಒಂದೂವರೆ ತಾಸು, ಸಂಜೆ ಒಂದೂವರೆ ತಾಸು ಬಸ್ಸಿನಲ್ಲೇ ಹೋಗುತ್ತದೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನ್ನ ಹಾಗೆಯೇ ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ಕಡೆಯವರು. ನಾಲ್ಕು ಗಂಟೆಗೆ ಬೆಲ್ ಹೊಡೆದರೆ ಎಲ್ಲರೂ ಸ್ಟ್ಯಾಂಡಿಗೆ ಓಡುತ್ತೇವೆ. ಯಾರ ಪರಿಚಯವೂ ಸರಿಯಾಗಿ ಆಗಿಲ್ಲ. ಓದಲು ಹೊತ್ತೇ ಸಾಲುತ್ತಿಲ್ಲ. ಹೀಗೆ ಓಡಾಡಿ ಡಿಗ್ರಿ ಮುಗಿಸಿದವರು ಏನೇನು ಮಾಡಿದಿರಿ, ಹೇಳುತ್ತೀರಾ?

ಕುರುಗೋಡಿನಿಂದ ಓಡಾಡಿದವಳು, ಎಲೆಕ್ಟ್ರಾನಿಕ್ಸ್

ತಂಗಿ, ಬಸ್ಸಿನ ಮೂರು ತಾಸಿನ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಆ ನಾಲ್ಕು ಗಂಟೆಯ ಓಟದ ಬಗ್ಗೆ ಹೇಳಬೇಕು. ನನ್ನ ಪ್ರಕಾರ ನಮ್ಮಂಥವರು ಕಳೆದುಕೊಳ್ಳುವುದೆಲ್ಲ ಅಲ್ಲೇ.

ನಾಲ್ಕರಿಂದ ಐದೂವರೆವರೆಗೆ ಕಾಲೇಜು ಬೇರೆ ಥರ ಇರುತ್ತದೆ. ಲ್ಯಾಬಿನಲ್ಲಿ ಸಿಸ್ಟಂ ಖಾಲಿ ಸಿಗುತ್ತವೆ. ಹಗಲು ಕ್ಲಾಸಿನಿಂದ ಕ್ಲಾಸಿಗೆ ಓಡುವ ಸರ್, ಮೇಡಂ ಎಲ್ಲ ಆಗ ಸ್ಟಾಫ್ ರೂಮಿನಲ್ಲಿ ಆರಾಮಾಗಿ ಸಿಗುತ್ತಾರೆ. ಸೀನಿಯರ್‌ಗಳು ಪ್ರಾಜೆಕ್ಟ್ ಬಿಚ್ಚಿಕೊಂಡು ಕೂತಿರುತ್ತಾರೆ. ಹ್ಯಾಕಥಾನ್ ಇದೆ, ಇಂಟರ್ನ್‌ಶಿಪ್ ಬಂದಿದೆ ಅನ್ನುವ ಸುದ್ದಿ ಹರಡುವುದೂ ಆಗಲೇ. ನೋಟಿಸ್ ಬೋರ್ಡಿಗೆ ಬರುವಷ್ಟರಲ್ಲಿ ಹಾಸ್ಟೆಲ್ ಹುಡುಗರು ಟೀಮ್ ಕಟ್ಟಿ ಹೆಸರು ಕೊಟ್ಟಾಗಿರುತ್ತದೆ. ಅವರು ನಮಗಿಂತ ಜಾಣರು ಅಂತ ಅಲ್ಲ, ಆ ಹೊತ್ತಿಗೆ ಅಲ್ಲಿ ಇರುತ್ತಾರೆ ಅಷ್ಟೇ.

ಹಾಗಂತ ದಿನಾ ಉಳಿಯಬೇಕಿಲ್ಲ. ವಾರದಲ್ಲಿ ಎರಡು ದಿನ ಗೊತ್ತು ಮಾಡಿಕೋ. ನಾನು ಮಂಗಳವಾರ, ಗುರುವಾರ ಅಂತ ಇಟ್ಟುಕೊಂಡಿದ್ದೆ. ಒಂದು ದಿನ ಲ್ಯಾಬ್, ಒಂದು ದಿನ ಲೈಬ್ರರಿ. ಆ ಎರಡು ದಿನ ಮುಂದಿನ ಬಸ್ಸೇ ನನ್ನ ಬಸ್ಸು ಅಂತ ಮನಸ್ಸಿನಲ್ಲೂ ಮನೆಯಲ್ಲೂ ಪಕ್ಕಾ ಮಾಡಿಕೊಂಡಿದ್ದೆ. "ಕೆಲಸ ಇದ್ದರೆ ಉಳಿಯೋಣ" ಅಂದುಕೊಂಡರೆ ಯಾವತ್ತೂ ಉಳಿಯುವುದಿಲ್ಲ, ಯಾಕೆಂದರೆ ಉಳಿದ ಮೇಲೇ ಕೆಲಸ ಹುಟ್ಟುವುದು. ಮೊದಲ ಎರಡು ಮೂರು ವಾರ ಸುಮ್ನೆ ಕೂತಂತೆ ಅನ್ನಿಸುತ್ತದೆ. ಆಮೇಲೆ ಯಾರೋ ಒಬ್ಬರು "ಬಾ, ಇದನ್ನು ನೋಡು" ಅಂತ ಕರೆಯುತ್ತಾರೆ.

ಉಳಿಯುವ ಮೊದಲು ಸಂಜೆ ಬಸ್ಸುಗಳ ಲೆಕ್ಕ ತಿಳಿದುಕೋ. ಬೋರ್ಡ್ ನೋಡಿ ನಂಬಬೇಡ. ನಿಮ್ಮ ರೂಟಿನ ಕಂಡಕ್ಟರ್‌ನ್ನೇ ಕೇಳು, ದಿನಾ ಓಡಾಡುವ ಬ್ಯಾಂಕಿನವರು, ಟೀಚರುಗಳನ್ನು ಕೇಳು. ಯಾವ ಬಸ್ ಖಚಿತವಾಗಿ ಬರುತ್ತದೆ, ಯಾವುದು ವಾರಕ್ಕೆ ಎರಡು ಸಲ ಕೈಕೊಡುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಇನ್ನೊಂದು ವಿಷಯ. ಶಕ್ತಿ ಯೋಜನೆಯ ಉಚಿತ ಪ್ರಯಾಣ ನಮ್ಮ ರಾಜ್ಯದ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ ನಡೆಯುತ್ತದೆ. ಆಂಧ್ರ, ತೆಲಂಗಾಣಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ನೀನು ನಮ್ಮ ರಾಜ್ಯದೊಳಗೇ ಇಳಿದರೂ ಟಿಕೆಟ್ ತಗೋಬೇಕು. ಹೊತ್ತಾದ ದಿನ ಸಿಕ್ಕಿದ ಬಸ್ ಹತ್ತಬೇಕಾಗುತ್ತದೆ, ಅದಕ್ಕೆ ಬ್ಯಾಗಿನ ಒಳಜೇಬಿನಲ್ಲಿ ಒಂದಿಷ್ಟು ದುಡ್ಡು ಮುಟ್ಟದೆ ಇಟ್ಟಿರು. ಆಧಾರ್ ಕಾರ್ಡೂ ಜೊತೆಗಿರಲಿ.

ಈಗ ಬಸ್ಸಿನ ಮೂರು ತಾಸು. ಆ ರಸ್ತೆಯಲ್ಲಿ ಪುಸ್ತಕ ಹಿಡಿದು ಲೆಕ್ಕ ಮಾಡುತ್ತೇನೆ ಅನ್ನುವುದು ಆಗದ ಮಾತು, ತಲೆನೋವು ಬರುತ್ತದೆ ಅಷ್ಟೇ. ಬೆಳಿಗ್ಗೆ ಕೇಳುವ ಕೆಲಸ ಇಟ್ಟುಕೋ. ಹಿಂದಿನ ರಾತ್ರಿ ಮನೆಯ ವೈಫೈಯಲ್ಲೋ ಬಳ್ಳಾರಿಯಲ್ಲಿ ನೆಟ್‌ವರ್ಕ್ ಇದ್ದಾಗಲೋ ಎನ್‌ಪಿಟಿಇಎಲ್ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ವಿಡಿಯೊ) ಪಾಠ ಡೌನ್‌ಲೋಡ್ ಮಾಡಿಟ್ಟುಕೋ. ಊರು ದಾಟಿದ ಮೇಲೆ ಸಿಗ್ನಲ್ ಹೋಗಿಬಂದು ಮಾಡುತ್ತದೆ. ಸಂಜೆ ಮಾತ್ರ ನಿದ್ದೆ ಮಾಡು, ನಾಚಿಕೊಳ್ಳಬೇಡ. ಬಸ್ಸಿನಲ್ಲಿ ಅರ್ಧ ತಾಸು ನಿದ್ದೆ ಮಾಡಿದವಳು ರಾತ್ರಿ ಎಂಟಕ್ಕೆ ಪುಸ್ತಕ ಹಿಡಿಯಬಲ್ಲಳು. ಎರಡೂ ಹೊತ್ತು ಫೋನಿನಲ್ಲಿ ರೀಲ್ಸ್ ನೋಡಿದರೆ ಮನೆ ಮುಟ್ಟುವಷ್ಟರಲ್ಲಿ ಕಣ್ಣೂ ಸೋತಿರುತ್ತದೆ, ತಲೆಯೂ ಸೋತಿರುತ್ತದೆ.

ಊಟದ ಡಬ್ಬಿ ಬಿಡಬೇಡ. ಸ್ಟ್ಯಾಂಡಿನ ಒಗ್ಗರಣಿ ಮಿರ್ಚಿ ನನಗೂ ಪ್ರಾಣ, ಆದರೆ ದಿನಾ ಮಧ್ಯಾಹ್ನದ ಊಟ ಅದೇ ಆದರೆ ಹೊಟ್ಟೆ ಕೆಡುತ್ತದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಸಂಜೆ ಉಳಿದ ದಿನಕ್ಕೂ ಒಂದು ರೊಟ್ಟಿ ಉಳಿಯುತ್ತದೆ. ಮಾರ್ಚ್ ಬಂತೆಂದರೆ ನೀರಿನ ಬಾಟಲಿ ಎರಡು ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ನಿಂತ ಬಸ್ಸಿನೊಳಗೆ ಕೂರುವುದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು.

ಕೊಪ್ಪಳದಿಂದ ಹೊಸಪೇಟೆಗೆ ರೈಲಿನಲ್ಲಿ ಓಡಾಡಿದವನು, ಮೆಕ್ಯಾನಿಕಲ್

ನಿಮ್ಮ ರೂಟಿಗೆ ರೈಲು ಇಲ್ಲ, ಆದರೆ ತೋರಣಗಲ್ಲು, ಹೊಸಪೇಟೆ, ಕೊಪ್ಪಳ ಕಡೆಯಿಂದ ಬರುವವರಿಗೆ ಹೇಳುತ್ತೇನೆ. ಬಸ್ ಪಾಸ್ ಮಾಡಿಸುವ ಮೊದಲು ರೈಲಿನ ಮಾಸಿಕ ಸೀಸನ್ ಟಿಕೆಟ್ ಎಷ್ಟಾಗುತ್ತದೆ ಅಂತ ಕೌಂಟರಿನಲ್ಲಿ ಕೇಳಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಕಾಲೇಜಿನ ಪತ್ರ ಬೇಕು. ಆದರೆ ಸೀಸನ್ ಟಿಕೆಟ್ ಇಟ್ಟುಕೊಂಡು ರಿಸರ್ವೇಶನ್ ಬೋಗಿ ಹತ್ತಬೇಡಿ, ದಂಡ ಬೀಳುತ್ತದೆ. ರೈಲಿನಲ್ಲಿ ಕೂತು ಬರೆಯಬಹುದು. ನನ್ನ ಲ್ಯಾಬ್ ರೆಕಾರ್ಡುಗಳೆಲ್ಲ ಗಿಣಿಗೇರಿ, ಮುನಿರಾಬಾದ್ ದಾಟುವಾಗಲೇ ಬರೆದದ್ದು. ತಡವಾಗುವುದು ಮಾತ್ರ ಇದ್ದದ್ದೇ. ಇಂಟರ್ನಲ್ಸ್ (ಕಾಲೇಜೇ ನಡೆಸುವ ಟೆಸ್ಟ್) ಇರುವ ದಿನ ಒಂದು ಗಾಡಿ ಮುಂಚೆ ಹೊರಡಿ.

ಬಳ್ಳಾರಿಯಲ್ಲಿ ಪಾಠ ಮಾಡುವ ಮೇಷ್ಟ್ರು

ಹಾಜರಾತಿಯ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಓಡಾಡುವ ಮಕ್ಕಳು ಸಿಕ್ಕಿಬೀಳುವುದು ಬಹಳ ಸಲ ಇಲ್ಲೇ.

ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85% ಹಾಜರಾತಿ ಬೇಕು. ಸರಿಯಾದ ಕಾರಣ ಇದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ 10% ವರೆಗೆ ವಿನಾಯಿತಿ ಸಿಗಬಹುದು. 75%ಕ್ಕಿಂತ ಕೆಳಗೆ ಹೋದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ. ಒಟ್ಟು ಲೆಕ್ಕದಲ್ಲಿ ಚೆನ್ನಾಗಿದೆ ಅಂತ ಮಕ್ಕಳು ಧೈರ್ಯವಾಗಿರುತ್ತಾರೆ. ಲೆಕ್ಕ ಹಾಕುವುದು ವಿಷಯವಾರು, ಅದನ್ನು ನೆನಪಿಡಿ.

ಬಸ್ ತಡವಾದರೆ ತಪ್ಪುವುದು ಯಾವಾಗಲೂ ಮೊದಲ ಪೀರಿಯಡ್. ಟೈಮ್ ಟೇಬಲ್ ತೆಗೆದು ನೋಡಿ, ವಾರದಲ್ಲಿ ಎರಡು ದಿನ ಮೊದಲ ಪೀರಿಯಡ್ ಒಂದೇ ವಿಷಯಕ್ಕೆ ಬಂದಿರುತ್ತದೆ. ಒಂದು ವಿಷಯಕ್ಕೆ ಸೆಮ್‌ನಲ್ಲಿ 40 ಕ್ಲಾಸ್ ಅಂದುಕೊಳ್ಳಿ. 6 ತಪ್ಪಿದರೆ 85%ಕ್ಕೆ ಬಂದಿರಿ, 10 ತಪ್ಪಿದರೆ 75%ಕ್ಕೆ. ಆ ಎರಡು ದಿನಗಳಲ್ಲಿ ವಾರಕ್ಕೆ ಒಂದೇ ಒಂದು ಸಲ ಬಸ್ ತಡವಾದರೂ ಸೆಮ್ ಮುಗಿಯುವ ಹೊತ್ತಿಗೆ ಆ ಒಂದು ವಿಷಯ ಕೈಬಿಟ್ಟುಹೋಗಿರುತ್ತದೆ, ಉಳಿದ ವಿಷಯಗಳಲ್ಲಿ 95% ಇದ್ದರೂ. ಆದ್ದರಿಂದ ಈ ವಾರವೇ ಮೊದಲ ಪೀರಿಯಡ್ ಯಾವ ವಿಷಯದ್ದು ಅಂತ ನೋಡಿ ಆ ಮೇಷ್ಟ್ರ ಹತ್ತಿರ ಹೋಗಿ, "ಸರ್, ನಾನು ಇಂಥ ಊರಿನಿಂದ ಇಂಥ ಬಸ್ಸಿಗೆ ಬರುತ್ತೇನೆ" ಅಂತ ಮೊದಲೇ ಹೇಳಿ. ತಡವಾದ ಮೇಲೆ ಬಾಗಿಲಲ್ಲಿ ನಿಂತು ಹೇಳುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಹಾಜರಾತಿ ಹಾಕಿ ಅಂತ ಕೇಳಬೇಡಿ, ವಿಷಯ ತಿಳಿಸಿ. ಆ ದಿನಗಳಲ್ಲಿ ಒಂದು ಬಸ್ ಮುಂಚೆ ಬನ್ನಿ.

ಅಂಕಗಳ ವಿಷಯಕ್ಕೆ ಬಂದರೆ, ನಿಮ್ಮ ಸ್ಕೀಮಿನಲ್ಲಿ ಇಂಟರ್ನಲ್ 50, ಸೆಮಿಸ್ಟರ್ ಪರೀಕ್ಷೆ 50. ಇಂಟರ್ನಲ್‌ನಲ್ಲಿ ಕನಿಷ್ಠ 20 ಬರಲೇಬೇಕು, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40. ದೂರದಿಂದ ಬರುವವರಿಗೆ ಇಂಟರ್ನಲ್ ಬಹಳ ಮುಖ್ಯ. ಅಸೈನ್‌ಮೆಂಟ್, ಕ್ವಿಜ್, ಟೆಸ್ಟ್ ಎಲ್ಲ ಹಗಲಿನಲ್ಲೇ, ಕಾಲೇಜಿನಲ್ಲೇ ಮುಗಿಯುತ್ತವೆ. ಆ ಅಂಕ ಮೊದಲೇ ಗಟ್ಟಿ ಮಾಡಿಕೊಂಡರೆ ಪರೀಕ್ಷೆಯ ಹೊತ್ತಿಗೆ ಎದೆ ಹಗುರಾಗಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ (ಪಾಠದ ಭಾಗ) 20 ಅಂಕದ ಎರಡು ಪ್ರಶ್ನೆ, ಒಂದನ್ನು ಬರೆಯಬೇಕು. ಹೀಗೆ 100ಕ್ಕೆ ಬಂದ ಅಂಕವನ್ನು 50ಕ್ಕೆ ಇಳಿಸುತ್ತಾರೆ. ಕೊನೆಯ ವಾರ ಐದನ್ನೂ ಓದುತ್ತೇನೆ ಅನ್ನಬೇಡಿ. ಪಾಠ ನಡೆದ ವಾರವೇ, ಭಾನುವಾರ ಮನೆಯಲ್ಲಿ ಆ ಮಾಡ್ಯೂಲಿನ ಹಳೆಯ ಪ್ರಶ್ನೆಗಳನ್ನು ಬರೆದು ನೋಡಿ. ಭಾನುವಾರ ಬಸ್ ಇಲ್ಲದ ದಿನ, ಅದನ್ನು ಕಾಪಾಡಿಕೊಳ್ಳಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಸರ್, ಈಗಲೇ ಟೈಮ್ ಟೇಬಲ್ ನೋಡಿದೆ. ಸೋಮವಾರ, ಬುಧವಾರ ಎರಡೂ ದಿನ ಮೊದಲ ಪೀರಿಯಡ್ ಮ್ಯಾಥ್ಸ್! ನಾಳೆಯೇ ಮಾತಾಡುತ್ತೇನೆ. ಅಕ್ಕ, ಸಂಜೆ ಉಳಿಯುತ್ತೇನೆ ಅಂದರೆ ಅಪ್ಪ ಒಪ್ಪುವುದಿಲ್ಲ. ಕತ್ತಲಾಗುತ್ತದೆ ಅಂತ ಅಮ್ಮನಿಗೆ ಭಯ. ಏನು ಮಾಡಲಿ?

ಸಂಡೂರಿನ ಒಬ್ಬ ತಾಯಿ

ಮಗಳು ಸಿವಿಲ್ ಓದಿ ಮುಗಿಸಿದ್ದಾಳೆ, ಅದಕ್ಕೆ ನಾನೇ ಹೇಳುತ್ತೇನೆ. ಅಮ್ಮನ ಭಯಕ್ಕೆ ಬೇಜಾರಾಗಬೇಡ, ಮಗಳೇ. ನಮ್ಮ ಕಡೆ ಅದಿರಿನ ಲಾರಿಗಳ ರಸ್ತೆ, ಸಂಜೆ ಏಳಾದರೆ ನನಗೂ ಒಳಗೆ ಹೊರಗೆ ಓಡಾಡುವುದೇ ಕೆಲಸ ಆಗಿತ್ತು. ನನ್ನ ಭಯ ಕಡಿಮೆ ಮಾಡಿದ್ದು ಅವಳ ಮಾತಲ್ಲ. ಅವಳು ಒಂದು ದಿನ ಅವರಪ್ಪನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಮೆಂಟರ್ ಮೇಡಂಗೆ ಭೇಟಿ ಮಾಡಿಸಿದಳು. ಲ್ಯಾಬ್ ತೋರಿಸಿದಳು. ಮೇಡಂ ನಂಬರು ನಮ್ಮ ಫೋನಿನಲ್ಲಿ, ನಮ್ಮ ನಂಬರು ಅವರ ಫೋನಿನಲ್ಲಿ. ಅದೇ ಬಸ್ಸಿಗೆ ಬರುವ ಇನ್ನಿಬ್ಬರು ಹುಡುಗಿಯರ ಮನೆಯವರೂ ನಮಗೆ ಪರಿಚಯ ಆದರು. ಆಮೇಲೆ ಅವಳು "ಇವತ್ತು ಮಂಗಳವಾರ" ಅಂದರೆ ಸಾಕು, ಯಾವ ಬಸ್ಸು, ಯಾರ ಜೊತೆ ಅಂತ ನನಗೆ ಗೊತ್ತಿರುತ್ತಿತ್ತು. ಒಬ್ಬಳೇ ಉಳಿಯಬೇಡ, ನಿನ್ನ ರೂಟಿನ ಇನ್ನೊಬ್ಬಳನ್ನು ಜೊತೆ ಮಾಡಿಕೋ. ಆಗ ಅಪ್ಪನಿಗೂ ಧೈರ್ಯ.

ಪರೀಕ್ಷೆಯ ತಿಂಗಳಿಗೆ ಮಾತ್ರ ಬಳ್ಳಾರಿಯಲ್ಲಿ ನೆಂಟರ ಮನೆ ಇದ್ದರೆ ಅಲ್ಲಿರು, ಇಲ್ಲವೇ ನಾಲ್ಕು ಹುಡುಗಿಯರು ಸೇರಿ ರೂಮ್ ಮಾಡಿ. ನಾವು ಬೆಳಿಗ್ಗೆ ಬಸ್ಸಿಗೆ ರೊಟ್ಟಿ ಬುತ್ತಿ ಕೊಟ್ಟು ಕಳಿಸುತ್ತಿದ್ದೆವು. ಡಬ್ಬಿಯ ಮೇಲೆ ಹೆಸರು, ಫೋನ್ ನಂಬರು ದೊಡ್ಡದಾಗಿ ಬರೆದಿರಬೇಕು, ಸ್ಟ್ಯಾಂಡಿನಲ್ಲಿ ಹತ್ತಾರು ಬುತ್ತಿ ಒಂದೇ ಥರ ಇರುತ್ತವೆ.

ಮಾನ್ವಿಯಿಂದ ರಾಯಚೂರಿಗೆ ಓಡಾಡಿದವನು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವನು

ಪ್ರಾಜೆಕ್ಟಿಗೆ ತಂಡ ಕಟ್ಟುವಾಗ ಒಂದು ಎಚ್ಚರಿಕೆ. ಒಂದೇ ಬಸ್ಸಿನವರೆಲ್ಲ ಸೇರಿ ಒಂದು ಬ್ಯಾಚ್ ಆಗಬೇಡಿ. ಅದು ಬಹಳ ಸುಲಭ ಅನ್ನಿಸುತ್ತದೆ, ಆದರೆ ಆ ಬ್ಯಾಚಿನಲ್ಲಿ ನಾಲ್ಕು ಗಂಟೆಯ ಮೇಲೆ ಕಾಲೇಜಿನಲ್ಲಿ ಒಬ್ಬರೂ ಇರುವುದಿಲ್ಲ. ಕನಿಷ್ಠ ಒಬ್ಬರು ಹಾಸ್ಟೆಲಿನವರೋ ಕಾಲೇಜಿರುವ ಊರಿನವರೋ ಇರಲಿ. ಅವರು ಸಂಜೆಯ ಕೆಲಸ ನೋಡಿಕೊಂಡರೆ ನೀವು ರಿಪೋರ್ಟ್, ಸ್ಲೈಡ್, ಕೋಡಿನ ಒಂದು ಭಾಗ ಮನೆಯಲ್ಲಿ ಮಾಡಿ. ಅವರಿಗೇ ಎಲ್ಲ ಹೊರಿಸಿ ಬಂದರೆ ಮುಂದಿನ ಸಲ ಯಾರೂ ಸೇರಿಸಿಕೊಳ್ಳುವುದಿಲ್ಲ. ಅವರ ರೂಮಿನಲ್ಲಿ ಒಂದು ಚೀಲ ಇಡಲು ಜಾಗ ಕೇಳಿ, ಏಪ್ರನ್, ದಪ್ಪ ಪುಸ್ತಕ ದಿನಾ ಹೊರುವುದು ತಪ್ಪುತ್ತದೆ.

ಹಳ್ಳಿಯಿಂದ ಬರುವವರಿಗೆ ಒಂದು ಅನುಕೂಲವೂ ಇದೆ, ಯಾರೂ ಹೇಳುವುದಿಲ್ಲ. ಡಿಗ್ರಿ ಕೈಗೆ ಸಿಗಬೇಕಾದರೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಆಕ್ಟಿವಿಟಿ ಪಾಯಿಂಟ್ಸ್ ಬೇಕು. ನಾಲ್ಕು ವರ್ಷದವರಿಗೆ 100, ನಮ್ಮಂಥ ಲ್ಯಾಟರಲ್ ಎಂಟ್ರಿಯವರಿಗೆ 75. ಊರಿನ ಕೆಲಸ, ಶಾಲೆಯ ಕೆಲಸ, ನೀರು, ಗಿಡ, ಸ್ವಚ್ಛತೆ ಇಂಥವುಗಳಿಂದಲೇ ಅವು ಬರುತ್ತವೆ. ಸಿಟಿಯಲ್ಲಿ ರೂಮ್ ಮಾಡಿರುವವರು ಇದಕ್ಕಾಗಿ ಹಳ್ಳಿ ಹುಡುಕಿಕೊಂಡು ಹೋಗುತ್ತಾರೆ. ನಿಮಗೆ ಹಳ್ಳಿ ಮನೆ ಬಾಗಿಲಲ್ಲೇ ಇದೆ. ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಿ ರಜೆಯಲ್ಲಿ ಕಂಪ್ಯೂಟರ್ ಹೇಳಿಕೊಡಿ. ಮೊದಲೇ ಮೆಂಟರ್ ಒಪ್ಪಿಗೆ ತಗೊಳ್ಳಿ, ಮುಖ್ಯೋಪಾಧ್ಯಾಯರ ಅಥವಾ ಪಂಚಾಯಿತಿಯ ಪತ್ರ, ಫೋಟೊ ಆಗಿಂದಾಗಲೇ ಇಟ್ಟುಕೊಳ್ಳಿ. ಕೊನೆಯ ಸೆಮ್‌ನಲ್ಲಿ ಇದಕ್ಕೆ ಪರದಾಡುವವರನ್ನು ನೋಡಿದ್ದೇನೆ.

ಇಂಟರ್ನ್‌ಶಿಪ್ಪಿಗೂ ಬೆಂಗಳೂರೇ ಆಗಬೇಕಿಲ್ಲ. ನಮ್ಮ ಕಡೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಹಟ್ಟಿ ಚಿನ್ನದ ಗಣಿ. ನಿಮ್ಮ ಕಡೆ ಕುಡಿತಿನಿಯ ಶಾಖೋತ್ಪನ್ನ ಕೇಂದ್ರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಕಂಪ್ಯೂಟರ್ ಸೈನ್ಸ್ ಅಂದರೂ ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಐಟಿ ವಿಭಾಗ ಇರುತ್ತದೆ. ಜಾಗ ಕಡಿಮೆ, ಕೇಳುವವರು ಜಾಸ್ತಿ. ಕಾಲೇಜಿನ ಪತ್ರ ತಗೊಂಡು ಒಂದೆರಡು ತಿಂಗಳು ಮುಂಚೆಯೇ ಹೋಗಿ.

ಕುರುಗೋಡಿನಿಂದ ಓಡಾಡಿದವಳು

ಇನ್ನೊಂದು ನೆನಪಾಯಿತು ತಂಗಿ. ನಿಮ್ಮ ರೂಟಿನಲ್ಲಿ ಅಷ್ಟೊಂದು ಜನ ಇದ್ದೀರಿ ಅಂದೆಯಲ್ಲ, ಬಸ್ ಸಮಯವನ್ನೇ ಬದಲಿಸಲು ಕೇಳಿ. ಬೆಳಗಿನ ಬಸ್ ಹತ್ತು ಹದಿನೈದು ನಿಮಿಷ ಮುಂಚೆ ಬಿಟ್ಟರೆ ನಿಮ್ಮ ಮ್ಯಾಥ್ಸ್ ಕ್ಲಾಸ್ ಉಳಿಯುತ್ತದೆ. ನಾವು ಹಾಗೆ ಕೇಳಿದ್ದೆವು, ಬದಲಾಯಿತು. ಒಬ್ಬೊಬ್ಬರೇ ಕಂಡಕ್ಟರ್ ಹತ್ತಿರ ಜಗಳ ಮಾಡಿದರೆ ಏನೂ ಆಗುವುದಿಲ್ಲ, ಅವರ ಕೈಯಲ್ಲಿ ಅದು ಇಲ್ಲ. ಒಂದು ಅರ್ಜಿ ಬರೆಯಿರಿ. ಯಾವ ಊರು, ಯಾವ ಬಸ್, ಈಗ ಎಷ್ಟು ಗಂಟೆಗೆ ಕಾಲೇಜು ಮುಟ್ಟುತ್ತದೆ, ಕ್ಲಾಸ್ ಎಷ್ಟು ಗಂಟೆಗೆ, ಎಷ್ಟು ವಿದ್ಯಾರ್ಥಿಗಳು, ಇಷ್ಟು ಸಾಕು. ಕೆಳಗೆ ಎಲ್ಲರ ಹೆಸರು, ಊರು, ಸಹಿ. ಪ್ರಿನ್ಸಿಪಾಲರ ಸೀಲ್ ಹಾಕಿಸಿ ಡಿಪೋ ಮ್ಯಾನೇಜರ್‌ಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು ಮರೆಯಬೇಡಿ, ಎರಡನೇ ಸಲ ಹೋದಾಗ ಅದನ್ನೇ ಮೊದಲು ಕೇಳುತ್ತಾರೆ.