ಪದಚರ್ಚೆ: ಐಸ್ ಹಾಕಿಯ ‘ಪ್ರಾಸ್ಪೆಕ್ಟ್’ ಕನ್ನಡದಲ್ಲಿ ಏನಾದಾನು?

ಪ್ರಶ್ನೆ (ಟೊರಾಂಟೊದಿಂದ)

ಎಲ್ಲರಿಗೂ ನಮಸ್ಕಾರ.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2025ರ ಡ್ರಾಫ್ಟ್ (ತಂಡಗಳು ಎಳೆಯರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಮುಗಿದ ಮೇಲೆ ಐಸ್ ಹಾಕಿ ಅಭಿಮಾನಿಗಳ ನಡುವೆ ಎದ್ದ ವಾದವೊಂದನ್ನು ಕನ್ನಡದಲ್ಲಿ ಬರೆಯುವಾಗ ಎದುರಾದ ತೊಡಕುಗಳಿವು. ವಾದವೆಲ್ಲ ಇಬ್ಬರು ಹುಡುಗರ ಸುತ್ತ, ಇವರು ಮುಂದೆ ಎಷ್ಟು ದೊಡ್ಡ ಆಟಗಾರರಾಗುತ್ತಾರೆ ಎಂಬುದರ ಬಗ್ಗೆ. ಒಬ್ಬ ಮ್ಯಾಥ್ಯೂ ಶೇಫರ್, ಡಿಫೆನ್ಸ್ ಆಟಗಾರ. ನ್ಯೂಯಾರ್ಕ್ ಐಲ್ಯಾಂಡರ್ಸ್ ಇವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಇನ್ನೊಬ್ಬ ರೋಜರ್ ಮೆಕ್ವೀನ್, ಆರಡಿ ಐದಿಂಚಿನ ಸೆಂಟರ್ (ಫಾರ್ವರ್ಡ್ ಸಾಲಿನ ನಡುವಿನ ಆಟಗಾರ). ಹತ್ತನೆಯವನಾಗಿ ಅನಾಹೈಮ್ ಡಕ್ಸ್ ಪಾಲಾದ. ಹಿಂದಿನ ಋತುವಿನ ಲೀಗ್ ಹಂತದಲ್ಲಿ ಇಬ್ಬರೂ ಆಡಿದ್ದು ತಲಾ 17 ಪಂದ್ಯ ಮಾತ್ರ. ಈರಿ ಆಟರ್ಸ್ ಎಂಬ ಜೂನಿಯರ್ ತಂಡದ ಪರ ಶೇಫರ್ 7 ಗೋಲು, 15 ಅಸಿಸ್ಟ್ (ಗೋಲಿಗೆ ನೆರವು). ಬ್ರ್ಯಾಂಡನ್ ವೀಟ್ ಕಿಂಗ್ಸ್ ಎಂಬ ಜೂನಿಯರ್ ತಂಡದ ಪರ ಮೆಕ್ವೀನ್ 10 ಗೋಲು, 10 ಅಸಿಸ್ಟ್. ಶೇಫರ್ ಆಡದಿದ್ದುದಕ್ಕೆ ಕಾರಣ ಮೊದಲು ಮಾನೊನ್ಯೂಕ್ಲಿಯೋಸಿಸ್ ಎಂಬ ವೈರಸ್ ಕಾಯಿಲೆ, ಆಮೇಲೆ ವಿಶ್ವ ಜೂನಿಯರ್ ಟೂರ್ನಿಯಲ್ಲಿ ಮುರಿದ ಕಾಲರ್‌ಬೋನ್. ಮೆಕ್ವೀನ್‌ಗೆ ಬೆನ್ನಿನ ಪೆಟ್ಟು. ಕಾಲರ್‌ಬೋನ್ ಕೂಡಿಕೊಂಡರೆ ಕತೆ ಮುಗಿಯಿತು, ಬೆನ್ನು ಹಾಗಲ್ಲ. ಪಂದ್ಯದ ಲೆಕ್ಕ ಒಂದೇ ಇದ್ದರೂ ಒಬ್ಬ ಒಂದನೆಯವನಾಗಿ, ಇನ್ನೊಬ್ಬ ಹತ್ತನೆಯವನಾಗಿ ಹೋಗುವುದಕ್ಕೆ ಇದೂ ಒಂದು ಕಾರಣ.

ಈಗ ಕೇಳಬೇಕಾದ್ದು: ‘ಡ್ರಾಫ್ಟ್’, ‘ಪ್ರಾಸ್ಪೆಕ್ಟ್’ (ಮುಂದೆ ಬೆಳೆದಾನೆಂದು ತಂಡ ಕಾಯುವ ಎಳೆಯ ಆಟಗಾರ), ‘ಪೊಟೆನ್ಶಿಯಲ್’ (ಅವನು ಮುಂದೆ ಏನಾಗಬಹುದು ಎಂಬುದು), ಅವನ ‘ಸೀಲಿಂಗ್’ (ಮುಟ್ಟಬಹುದಾದ ಮೇಲಿನ ಮಟ್ಟ) ಎಷ್ಟು ‘ಫ್ಲೋರ್’ (ಕೆಳಗಿನ ಮಟ್ಟ) ಎಷ್ಟು ಎಂಬ ಮಾತು, ಕೊನೆಗೆ ‘ಬಸ್ಟ್’ (ಬೇಗ ಆಯ್ಕೆಯಾಗಿ ನಿರಾಸೆ ತಂದವನು) ಮತ್ತು ‘ಸ್ಟೀಲ್’ (ತಡವಾಗಿ ಆಯ್ಕೆಯಾಗಿ ದೊಡ್ಡವನಾದವನು). ಇವಕ್ಕೆ ನೀವು ಏನು ಬಳಸುತ್ತೀರಿ? ಯಂತ್ರಾನುವಾದ ‘ಡ್ರಾಫ್ಟ್’ ಅನ್ನು ‘ಕರಡು’ ಮಾಡಿ, ಪಾಪದ ಶೇಫರನನ್ನು ‘ಮೊದಲ ಕರಡು ಆಟಗಾರ’ ಮಾಡಿಬಿಟ್ಟಿತ್ತು.

*

ಉತ್ತರ (ಮೈಸೂರಿನಿಂದ)

ಕರಡು ತಿದ್ದುವುದಕ್ಕೆ ಇರುವಂಥದ್ದು. ಹಾಗೆ ನೋಡಿದರೆ 18ರ ಹುಡುಗನಿಗೆ ಅದು ತೀರ ತಪ್ಪೂ ಅಲ್ಲ! ತಮಾಷೆ ಇರಲಿ. ನಮ್ಮಲ್ಲಿ ‘ಡ್ರಾಫ್ಟ್’ ಎಂದರೆ ಬ್ಯಾಂಕಿನ ಡಿಡಿ ಅಥವಾ ಕಾಗದದ ಕರಡು. ಕ್ರೀಡೆಯಲ್ಲಿ ಕನ್ನಡ ಓದುಗರಿಗೆ ಗೊತ್ತಿರುವುದು ಐಪಿಎಲ್ ‘ಹರಾಜು’. ಆ ಪದವನ್ನು ಇಲ್ಲಿಗೆ ತಂದರೆ ಅರ್ಥ ಕೆಡುತ್ತದೆ. ಹರಾಜಿನಲ್ಲಿ ದುಡ್ಡಿದ್ದವರು ಕೂಗುತ್ತಾರೆ. ಇಲ್ಲಿ ಕೂಗುವಂತಿಲ್ಲ, 32 ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಏಳು ಸುತ್ತು, ಒಟ್ಟು 224 ಆಯ್ಕೆ. ಹಿಂದಿನ ಋತುವಿನಲ್ಲಿ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಬೇಕೆಂದೇ ಸೋತು ಕೆಳಗಿಳಿಯುವ ಆಸೆ ಯಾರಿಗೂ ಬರಬಾರದೆಂದು ಮೊದಲ ಎರಡು ಸ್ಥಾನಗಳಿಗೆ ಲಾಟರಿ. 2025ರಲ್ಲಿ ಐಲ್ಯಾಂಡರ್ಸ್‌ಗೆ ಆ ಲಾಟರಿ ಗೆಲ್ಲುವ ಸಾಧ್ಯತೆ ಶೇ 3.5 ಮಾತ್ರ, ಹತ್ತನೆಯ ಸ್ಥಾನದಿಂದ ಒಂದಕ್ಕೆ ಜಿಗಿಯಿತು. ಆದ್ದರಿಂದ ‘ಸರದಿ ಆಯ್ಕೆ’ ಎಂದರೆ ವಿಷಯ ಸ್ಪಷ್ಟ. ತಂಡಗಳು ತಮ್ಮತಮ್ಮೊಳಗೆ ಈ ಸರದಿಯನ್ನೇ ಕೊಟ್ಟು ತೆಗೆದುಕೊಳ್ಳುತ್ತವೆ, ‘ಸರದಿ ಬಿಟ್ಟುಕೊಟ್ಟಿತು’ ಎಂದರೆ ಅದೂ ಸಲೀಸು. ಮೊದಲ ಬಾರಿ ‘ಸರದಿ ಆಯ್ಕೆ’ ಎಂದು ಬಿಡಿಸಿ ಹೇಳಿ, ಆಮೇಲೆ ಡ್ರಾಫ್ಟ್ ಎಂದೇ ಬರೆಯಿರಿ.

ಇದಕ್ಕಿಂತ ಎಚ್ಚರ ಬೇಕಾದ್ದು ಕ್ರಿಯಾಪದದಲ್ಲಿ. ‘ಮೆಕ್ವೀನ್ ಅನಾಹೈಮ್ ತಂಡ ಸೇರಿದ’ ಎಂದು ಬರೆದರೆ ತಪ್ಪು. ಡ್ರಾಫ್ಟ್‌ನಲ್ಲಿ ತಂಡಕ್ಕೆ ಸಿಗುವುದು ಆಟಗಾರನಲ್ಲ, ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು; ಅದೂ ನಿಗದಿತ ಅವಧಿಗೆ. ಮೆಕ್ವೀನ್ ಆ ಬಳಿಕ ಹೋದದ್ದು ಪ್ರಾವಿಡೆನ್ಸ್ ಕಾಲೇಜಿಗೆ. ಅಲ್ಲಿ ಆಡುವಷ್ಟು ಕಾಲ ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಶೇಫರನ ದಾರಿ ಬೇರೆ: ಜೂನ್‌ನಲ್ಲಿ ಆಯ್ಕೆ, ಆಮೇಲೆ ಸಹಿ, ಅಕ್ಟೋಬರ್‌ನಲ್ಲೇ ಕಣಕ್ಕೆ. ಸಹಿ ಹಾಕಿದವನೂ ತಂಡದಲ್ಲಿ ಉಳಿದೇ ಉಳಿಯುತ್ತಾನೆಂದಿಲ್ಲ. 18-19ರ ಹುಡುಗ ಆ ಋತುವಿನಲ್ಲಿ ಹತ್ತಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿ ಜೂನಿಯರ್ ಲೀಗಿಗೆ ಮರಳಿದರೆ ಅವನ ಮೂರು ವರ್ಷದ ಒಪ್ಪಂದದಲ್ಲಿ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಒಪ್ಪಂದ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಒಂಬತ್ತನೆಯ ಪಂದ್ಯದ ಹೊತ್ತಿಗೆ ಅಭಿಮಾನಿಗಳು ಗುಲ್ಲೆಬ್ಬಿಸುವುದು ಇದಕ್ಕೇ. ಹಾಗಾಗಿ ‘ಹಕ್ಕು ಪಡೆಯಿತು’, ‘ಸಹಿ ಹಾಕಿದ’, ‘ಕಣಕ್ಕಿಳಿದ’ ಈ ಮೂರನ್ನೂ ಬೇರೆಬೇರೆಯಾಗಿಯೇ ಇಡಿ.

*

ಉತ್ತರ (ಶಿರಸಿಯಿಂದ)

‘ಪ್ರಾಸ್ಪೆಕ್ಟ್’ ಬಗ್ಗೆ. ಪತ್ರಿಕೆಗಳು ಬಳಸುವ ‘ಸಂಭಾವ್ಯ ಆಟಗಾರ’ ಇಲ್ಲಿ ಹೊಂದುವುದಿಲ್ಲ. ರಣಜಿ ತಂಡ ಆರಿಸುವ ಮುನ್ನ ಪ್ರಕಟಿಸುವ ಸಂಭಾವ್ಯರ ಪಟ್ಟಿಗೆ ಅದು ಮೀಸಲಾಗಿಹೋಗಿದೆ. ಮುಂದಿನ ವಾರ ತಂಡದಲ್ಲಿ ಇರಬಹುದಾದವನು ಎಂದರ್ಥ. ಪ್ರಾಸ್ಪೆಕ್ಟ್ ಮೂರು-ನಾಲ್ಕು ವರ್ಷ ಕಾಯಬೇಕಾದವನು. ಅವಸರದಲ್ಲಿ ‘ಸಂಭಾವಿತ’ ಎಂದು ಬರೆದುಬಿಟ್ಟರಂತೂ ಅವನು ಮರ್ಯಾದಸ್ಥನಾಗುತ್ತಾನೆ. ಸಭ್ಯ ಆಟಕ್ಕೆಂದೇ ಎನ್‌ಎಚ್‌ಎಲ್‌ನಲ್ಲಿ ಲೇಡಿ ಬಿಂಗ್ ಟ್ರೋಫಿ ಇದೆ, ಸಂಭಾವಿತ ಆಟಗಾರ ಅದಕ್ಕೆ ಹೊಂದುವ ಪದ.

‘ಭರವಸೆಯ ಆಟಗಾರ’ ಬಳಕೆಯಲ್ಲಿದೆ, ಆದರೆ ಎರಡು ಕಡೆ ಎಳೆಯುತ್ತದೆ. ಮುಂದೆ ಬೆಳೆದಾನೆಂಬ ನಿರೀಕ್ಷೆ ಹುಟ್ಟಿಸಿದವನೂ ಭರವಸೆಯ ಆಟಗಾರ, ಈಗಲೇ ನೆಚ್ಚಬಹುದಾದ ಅನುಭವಿಯೂ ಭರವಸೆಯ ಆಟಗಾರ. ‘ಉದಯೋನ್ಮುಖ’ ಚೆನ್ನಾಗಿದೆ, ಆದರೆ ಏಳನೇ ಸುತ್ತಿನ ಕೊನೆಯವನಿಗೂ ಅದನ್ನೇ ಅಂಟಿಸಿದರೆ ಹೊಗಳಿಕೆ ಅತಿಯಾಗುತ್ತದೆ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನೆನಪಾಗಿ ‘ಮೊಳಕೆ’ ಎನ್ನೋಣವೇ ಎಂದರೆ, ಮೊಳಕೆ ನೋಡಿ ಬೆಳೆ ಹೇಳಲಾಗುವುದಿಲ್ಲ ಎಂಬುದೇ ಈ ಅಭಿಮಾನಿಗಳ ಜಗಳ. ತೋಟದ ಕಡೆ ನೋಡಿದರೆ ಹೂ ಉದುರಿ ಕಟ್ಟಿದ ಎಳೆಗಾಯಿ ‘ಹೀಚು’. ನೂರು ಹೀಚಿನಲ್ಲಿ ಮಾಗುವುದು ಕೆಲವೇ, ಉಳಿದವು ಗಾಳಿಗೋ ರೋಗಕ್ಕೋ ಉದುರುತ್ತವೆ. ಹೋಲಿಕೆ ಇದಕ್ಕಿಂತ ಚೆನ್ನಾಗಿ ಕೂರದು. ನಮ್ಮ ಕಡೆಯ ‘ಮಿಡಿ’ ಬೇಡ. ಮಿಡಿಯನ್ನು ಕೊಯ್ಯುವುದೇ ಉಪ್ಪಿನಕಾಯಿಗೆ, ಅದು ಹಣ್ಣಾಗುವುದನ್ನು ಯಾರೂ ಕಾಯುವುದಿಲ್ಲ. ಆದರೆ ಹೀಚು ಎಂದರೆ ಸಣಕಲ ಎಂಬ ಹೀಯಾಳಿಕೆಯ ಛಾಯೆಯೂ ಇದೆ, ಆರಡಿ ಐದಿಂಚಿನ ಮೆಕ್ವೀನನಿಗೆ ಅದನ್ನು ಹೇಳಿದರೆ ಓದುಗರು ನಕ್ಕಾರು. ಹೆಸರಾಗಿ ಬೇಡ, ವಿವರಿಸುವಾಗ ಹೋಲಿಕೆಯಾಗಿ ಬರಲಿ.

‘ಎಳೆಯ ಆಟಗಾರ’ ಸಾಕು ಎಂಬುದು ನನ್ನ ಮತ. ‘ಹುಡುಗ’ ಎಂದು ರೂಢಿ ಮಾಡಿಕೊಳ್ಳಬೇಡಿ. ಮಹಿಳೆಯರ ಪಿಡಬ್ಲ್ಯುಎಚ್‌ಎಲ್‌ನಲ್ಲೂ 2023ರಿಂದ ಡ್ರಾಫ್ಟ್ ನಡೆಯುತ್ತಿದೆ. ಅಲ್ಲಿ ಮೊದಲು ಆಯ್ಕೆಯಾದ ಟೇಲರ್ ಹೈಸಿಗೆ ಏನನ್ನುತ್ತೀರಿ?

*

ಉತ್ತರ (ಧಾರವಾಡದಿಂದ)

‘ಪೊಟೆನ್ಶಿಯಲ್’ಗೆ ನಾಮಪದ ಹುಡುಕುವುದನ್ನೇ ಬಿಡಬೇಕು. ‘ಸಾಮರ್ಥ್ಯ’ ಎಂದರೆ ಈಗ ಇರುವ ಶಕ್ತಿ. ‘ಮೆಕ್ವೀನನ ಸಾಮರ್ಥ್ಯದ ಬಗ್ಗೆ ಅನುಮಾನವಿದೆ’ ಎಂದು ಬರೆದರೆ ಅವನಿಗೆ ಆಟ ಬರುವುದಿಲ್ಲ ಎಂದಾಗುತ್ತದೆ. ಅಭಿಮಾನಿಗಳು ಹೇಳುತ್ತಿರುವುದು ಅದಲ್ಲ. ಅವರ ವಾದದಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದೇ ಇಂಗ್ಲಿಷ್ ಪದದಡಿ ಸೇರಿಕೊಂಡಿವೆ. ಮೈ ಸರಿಯಿದ್ದರೆ ಅವನಲ್ಲಿ ಎಷ್ಟು ಸರಕಿದೆ ಎಂಬುದು ಒಂದು. ಅಷ್ಟು ಆಗುವ ಸಂಭವ ಎಷ್ಟು ಎಂಬುದು ಇನ್ನೊಂದು. ಒಬ್ಬ ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಎದುರಿನವ ಎರಡನೆಯದರ ಮೇಲೆ ತಿರುಗಿ ಬೀಳುತ್ತಾನೆ, ಜಗಳ ಹರಿಯುವುದಿಲ್ಲ.

ಕನ್ನಡದ ಕ್ರಿಯಾಪದ ಇವನ್ನು ತಾನೇ ಬಿಡಿಸುತ್ತದೆ. ಆಗಬಲ್ಲ: ಶಕ್ತಿಯ ಮಾತು. ಆದಾನು: ಸಂಭವದ ಮಾತು. ಅಲ್ಲಗಳೆಯುವಾಗಲೂ ಅಷ್ಟೇ, ‘ಆಗಲಾರ’ ಎಂದರೆ ಅವನಲ್ಲಿ ಅದು ಇಲ್ಲ. ‘ಆಗಲಿಕ್ಕಿಲ್ಲ’ ಎಂದರೆ ಇರಬಹುದು, ಆದರೆ ಆಗುವಂತೆ ಕಾಣದು. ‘ಮೆಕ್ವೀನ್ ಮೊದಲ ಸಾಲಿನ ಸೆಂಟರ್ ಆಗಬಲ್ಲ, ಆದರೆ ಆಗಲಿಕ್ಕಿಲ್ಲ.’ ಅರ್ಧ ಪುಟದ ವಾದ ಒಂದು ಸಾಲಿಗೆ ಇಳಿಯಿತು, ವಿರೋಧಾಭಾಸವೂ ಇಲ್ಲ. ಆದಾನು, ಆದಾಳು, ಆದೀತು ಎಂಬ ರೂಪಕ್ಕೆ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಹೆಸರು. (ಸಂಭಾವನೆ ಎಂದರೆ ಭಾಷಣಕಾರರಿಗೆ ಕೊಡುವ ಲಕೋಟೆ ಎಂದಷ್ಟೇ ತಿಳಿದವರು ಗಾಬರಿಯಾಗಬೇಡಿ.)

ವಯಸ್ಸಿನ ಲೆಕ್ಕಕ್ಕೂ ಇದು ಬೇಕು. ಸೆಪ್ಟೆಂಬರ್ 15ರೊಳಗೆ 18 ತುಂಬಿದವರಿಗೆ ಆ ವರ್ಷದ ಡ್ರಾಫ್ಟ್. ಮರುದಿನ ಹುಟ್ಟಿದವರು ಒಂದು ವರ್ಷ ಕಾಯಬೇಕು. ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಅದೇ ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಬಾಸ್ಟನ್ ಪಾಲಾದ ಜೇಮ್ಸ್ ಹೇಗನ್ಸ್ 2006ರ ನವೆಂಬರ್‌ನವನು, ಹತ್ತು ತಿಂಗಳು ಹಿರಿಯ. ಆ ವಯಸ್ಸಿನಲ್ಲಿ ಹತ್ತು ತಿಂಗಳು ಎಂದರೆ ಮೈ ಬಲಿಯುವುದಕ್ಕೆ ಒಂದು ಇಡೀ ಋತು. ಇಬ್ಬರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ಇವನು ಮೇಲು’ ಎಂದರೆ ತಪ್ಪುವುದು ಇಲ್ಲೇ. ‘ಇನ್ನೂ ಬೆಳೆದಾನು’ ಎಂಬ ಮಾತಿಗೆ ಚಿಕ್ಕವನ ವಿಷಯದಲ್ಲಿ ತೂಕ ಹೆಚ್ಚು.

*

ಉತ್ತರ (ಬೆಂಗಳೂರಿನಿಂದ)

ಧಾರವಾಡದವರ ವಿಂಗಡಣೆ ಒಪ್ಪಿದೆ, ಒಂದು ತಕರಾರು. ಬೆಂಗಳೂರಿನ ಆಡುಮಾತಿನಲ್ಲಿ ‘ಆದಾನು’ ಹೆಚ್ಚಾಗಿ ಉಳಿದಿರುವುದು ಎಚ್ಚರಿಕೆಯಲ್ಲಿ: ‘ಜೋಕೆ, ಬಿದ್ದೀಯ!’ ಹೊಸ ಓದುಗರ ಕಿವಿಗೆ ‘ಶೇಫರ್ ದೊಡ್ಡ ಆಟಗಾರನಾದಾನು’ ಎಂದರೆ ಯಾರಿಗೋ ಹೊಟ್ಟೆಕಿಚ್ಚಾದಂತೆ ಕೇಳಿಸೀತು. ಅಲ್ಲಿ ‘ಆಗಬಹುದು’ ಹಾಕಿ. ಅಪಾಯ ಹೇಳುವ ಕಡೆ ಮಾತ್ರ ಆ ರೂಪ ಭರ್ಜರಿಯಾಗಿ ಕೂರುತ್ತದೆ: ‘ಬೆನ್ನು ಸುಧಾರಿಸದಿದ್ದರೆ ಮೂಲೆ ಸೇರಿಯಾನು.’

‘ಸೀಲಿಂಗ್’ ಅನ್ನು ಚಾವಣಿ ಮಾಡಬೇಡಿ. ಜಮೀನಿನ ಕಾನೂನಿನಲ್ಲಿ ಅದು ‘ಮಿತಿ’ ಆಗಿದೆ, ಆದರೆ ‘ಅವನ ಮಿತಿ ದೊಡ್ಡದು’ ಎಂದರೆ ಬೈದಂತೆ. ಇಲ್ಲೂ ನಾಮಪದ ಬೇಡ: ಸೀಲಿಂಗ್‌ಗೆ ‘ಎಲ್ಲ ಕೂಡಿಬಂದರೆ’, ಫ್ಲೋರ್‌ಗೆ ‘ಏನಿಲ್ಲವೆಂದರೂ’. ‘ಹೆಚ್ಚೆಂದರೆ’ ಬಳಸಬೇಡಿ, ಅದರಲ್ಲಿ ಮೂಗು ಮುರಿಯುವ ದನಿ ಇದೆ. ಮುಂದೆ ಬರುವ ಪಾತ್ರವನ್ನು ಸ್ಪಷ್ಟವಾಗಿ ಹೇಳಿ. ಪಂದ್ಯಕ್ಕೆ ತಂಡ ಇಳಿಸುವುದು ಇಬ್ಬರು ಗೋಲ್‌ಕೀಪರ್‌ಗಳೂ ಸೇರಿ 20 ಮಂದಿಯನ್ನು. ಸಾಮಾನ್ಯವಾಗಿ 12 ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಸಾಲು, ಆರು ಡಿಫೆನ್ಸ್ ಆಟಗಾರರು ಮೂರು ಜೋಡಿ. ಆದ್ದರಿಂದ ‘ಎಲ್ಲ ಕೂಡಿಬಂದರೆ ಮೊದಲ ಜೋಡಿ, ಏನಿಲ್ಲವೆಂದರೂ ಎರಡನೇ ಜೋಡಿ’ ಎಂದರೆ ಡಿಫೆನ್ಸ್ ಆಟಗಾರನೊಬ್ಬನ ಲೆಕ್ಕ ಮುಗಿಯಿತು. ‘ಲೆಫ್ಟ್ ಶಾಟ್’ ಬಂದರೆ ‘ಎಡಗೈ ಆಟಗಾರ’ ಎನ್ನಬೇಡಿ. ಸ್ಟಿಕ್ಕಿನ ಕೆಳಭಾಗ ಹಿಡಿದ ಕೈ ಎಡಗೈ ಎಂದಷ್ಟೇ ಅದರರ್ಥ, ಬಲಗೈಯಲ್ಲಿ ಬರೆಯುವ ಎಷ್ಟೋ ಮಂದಿ ಲೆಫ್ಟ್ ಶಾಟ್. ಕ್ರಿಕೆಟ್‌ನ ಎಡಗೈ ಬೌಲರ್ ಅಲ್ಲ ಇದು.

‘ಬಸ್ಟ್’ಗೆ ‘ಜೊಳ್ಳು’ ಎಂದು ಯಾರಾದರೂ ಹೇಳುವ ಮೊದಲೇ ಬೇಡ ಎನ್ನುತ್ತೇನೆ. ಕಾಳಿಲ್ಲದ್ದು ಜೊಳ್ಳು, ಅದು ಮೊದಲ ಸರದಿಯಲ್ಲಿದ್ದರೂ ಕೊನೆಯ ಸರದಿಯಲ್ಲಿದ್ದರೂ ಜೊಳ್ಳೇ. ಬಸ್ಟ್ ಹಾಗಲ್ಲ, ಸರದಿಯ ಸಂಖ್ಯೆಗೆ ಅಂಟಿಕೊಂಡ ಮಾತು. 2012ರಲ್ಲಿ ಎಡ್ಮಂಟನ್ ಮೊದಲನೆಯವನಾಗಿ ಆರಿಸಿದ ನೈಲ್ ಯಾಕುಪೋವ್ 350 ಎನ್‌ಎಚ್‌ಎಲ್ ಪಂದ್ಯ ಆಡಿದ, 62 ಗೋಲು ಹೊಡೆದ. ಅದೇ ಲೆಕ್ಕ ಏಳನೇ ಸುತ್ತಿನವನದಾಗಿದ್ದರೆ ತಂಡ ಸಂಭ್ರಮಿಸುತ್ತಿತ್ತು, ಮೊದಲನೆಯವನಾದ್ದರಿಂದ ಬಸ್ಟ್. ಕನ್ನಡದಲ್ಲಿ ‘ನಿರೀಕ್ಷೆ ಹುಸಿಯಾಯಿತು’ ಎನ್ನುತ್ತೇವೆ. ಹುಸಿಯಾದದ್ದು ನಿರೀಕ್ಷೆ, ಮನುಷ್ಯನಲ್ಲ. ಇಂಗ್ಲಿಷಿಗಿಂತ ನಮ್ಮದೇ ನಿಖರ.

‘ಸ್ಟೀಲ್’ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ತಟ್ಟೆ ಲೋಟ ಕಣ್ಣಮುಂದೆ ಬರುತ್ತದೆ. ‘ಲಾಟರಿ ಹೊಡೆಯಿತು’ ಎನ್ನುವುದೂ ಬೇಡ, ಡ್ರಾಫ್ಟ್‌ನಲ್ಲಿ ನಿಜವಾದ ಲಾಟರಿಯೇ ಇದೆ. ಎಲೆಮರೆಯ ಕಾಯಿ ಎಂಬ ಮಾತಿರುವಾಗ ಚಿಂತೆ ಯಾಕೆ? ಡೆಟ್ರಾಯಿಟ್ 1998ರಲ್ಲಿ 171ನೆಯವನಾಗಿ ಪಾವೆಲ್ ದತ್ಸ್ಯುಕ್‌ನನ್ನು, ಮರುವರ್ಷ 210ನೆಯವನಾಗಿ ಹೆನ್ರಿಕ್ ಜೆಟ್ಟರ್‌ಬರಿಯನ್ನು ಆರಿಸಿತು. 2015ರ ಕಿರಿಲ್ ಕಪ್ರಿಜೋವ್ 135ನೆಯವನು. ಮುಂದೆ ದೊಡ್ಡ ಆಟಗಾರರಾದ ಈ ಮೂವರೂ ಎಲೆಮರೆಯಲ್ಲಿದ್ದ ಕಾಯಿಗಳೇ.

*

ಉತ್ತರ (ಶಿರಸಿಯಿಂದ, ಮತ್ತೆ)

ಬಿಟ್ಟುಹೋದದ್ದು: ‘ಅಪ್‌ಸೈಡ್ ಪಿಕ್’, ಅಂದರೆ ಖಾತ್ರಿ ಇಲ್ಲದಿದ್ದರೂ ಬೆಳೆದರೆ ದೊಡ್ಡ ಲಾಭವೆಂದು ಮಾಡುವ ಆಯ್ಕೆ. ಬೆಟ್ಟಕ್ಕೆ ಕೂದಲು ಕಟ್ಟಿ ಎಳೆಯುವ ಗಾದೆ ಇದೆಯಲ್ಲ, ಬಂದರೆ ಬೆಟ್ಟ, ಹೋದರೆ ಕೂದಲು. ಆರು-ಏಳನೇ ಸುತ್ತಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಹುಡುಗನನ್ನು ಆರಿಸುವುದು ಇದೇ. ಮೆಕ್ವೀನನಿಗೆ ಮಾತ್ರ ಹಾಕಬೇಡಿ. ಹತ್ತನೆಯ ಸರದಿ ಹೋದರೆ ಹೋಗುವುದು ಕೂದಲಲ್ಲ, ಜಡೆಯೇ ಹೋದಂತೆ.

*

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆ. ಸದ್ಯಕ್ಕೆ ಹೀಗೆ ಬರೆದಿರುವೆ: ‘ಅನಾಹೈಮ್ ಹಕ್ಕು ಪಡೆದ ಮೆಕ್ವೀನ್, ಎಲ್ಲ ಕೂಡಿಬಂದರೆ ಮೊದಲ ಸಾಲಿನ ಸೆಂಟರ್ ಆಗಬಲ್ಲ. ಏನಿಲ್ಲವೆಂದರೂ ಮೂರನೇ ಸಾಲಿನಲ್ಲಿ ಆ ಎತ್ತರಕ್ಕೆ ಜಾಗವಿದೆ. ಆದರೆ ಬೆನ್ನು ಕೈಕೊಟ್ಟರೆ ಈ ಲೆಕ್ಕವೆಲ್ಲ ತಲೆಕೆಳಗಾದೀತು.’

*

ಉತ್ತರ (ಧಾರವಾಡದಿಂದ)

ಉಳಿದದ್ದೆಲ್ಲ ಸರಿ. ಬೆನ್ನು ಕೈ ಕೊಡುವುದು, ಅದರ ಹಿಂದೆಯೇ ತಲೆ ಕೆಳಗಾಗುವುದು, ಒಂದೇ ವಾಕ್ಯದಲ್ಲಿ ಇಷ್ಟು ಅಂಗಾಂಗ ಬೇಡ. ‘ಬೆನ್ನಿನ ತೊಂದರೆ ಮರುಕಳಿಸಿದರೆ ಈ ಲೆಕ್ಕವೆಲ್ಲ ತಪ್ಪೀತು’ ಎಂದು ತಿದ್ದಿಕೊಳ್ಳಿ.